ಗೆರೆಗಳ ನಡುವೆ ಬಣ್ಣ ತುಂಬಿದವರು

ಮನೆಯ ಅಟ್ಟದ ಮೇಲೆ ಹಳೆಯ ಚಿತ್ರಕಥೆ ಪುಸ್ತಕಗಳ ಕಟ್ಟನ್ನು ಇನ್ನೂ ಇಟ್ಟುಕೊಂಡಿರುವವರು ಒಮ್ಮೆ ಅದನ್ನು ಬಿಚ್ಚಿ ನೋಡಬೇಕು. ರಾಜಕುಮಾರಿಯ ತುಟಿಯ ಕೆಂಪು ತುಟಿಯಿಂದ ಜಾರಿ ಗಲ್ಲದ ಮೇಲೆ ನಿಂತಿರುತ್ತದೆ. ಸೇನಾಪತಿಯ ಅಂಗಿಯ ನೀಲಿಗೂ ಅದರ ಅಂಚಿನ ಕಪ್ಪು ಗೆರೆಗೂ ಮಧ್ಯೆ ಬೆಳ್ಳನೆಯ ಸಂದೊಂದು ಉಳಿದಿರುತ್ತದೆ. ಅಚ್ಚಿನ ಮನೆಯವರು ಇದಕ್ಕೆ ‘ರಿಜಿಸ್ಟರ್ ತಪ್ಪಿದೆ’ ಎನ್ನುತ್ತಾರೆ. ಓದುವ ಹುಡುಗರಿಗೆ ಅದು ತಪ್ಪೆಂದು ತೋರುತ್ತಲೇ ಇರಲಿಲ್ಲ. ಚಿತ್ರಕಥೆ ಎಂದರೆ ಹಾಗೆಯೇ ಇರಬೇಕೆಂದು ನಾವೆಲ್ಲ ತಿಳಿದಿದ್ದೆವು.

ಈಗಿನ ಕಾಮಿಕ್ಸ್ ಪುಟವನ್ನು ಅದರ ಪಕ್ಕದಲ್ಲಿಟ್ಟರೆ ಎರಡೂ ಬೇರೆ ಬೇರೆ ಲೋಕದವು ಎನಿಸುತ್ತದೆ. ಸಂಜೆಯ ಆಕಾಶ ಕಿತ್ತಳೆಯಿಂದ ನೇರಳೆಗೆ ಎಲ್ಲಿ ತಿರುಗಿತೆಂದು ಹೇಳಲಾಗದಷ್ಟು ನಯವಾಗಿ ತಿರುಗುತ್ತದೆ. ಕತ್ತಿಯ ಅಲಗಿನ ಮೇಲೆ ದೀಪದ ಬೆಳಕು ಮಿನುಗುತ್ತದೆ. ಕಥೆ ಬರೆದವರ ಹೆಸರು ನಮಗೆ ಗೊತ್ತು, ಚಿತ್ರ ಬರೆದವರ ಹೆಸರೂ ಗೊತ್ತು. ಈ ಬಣ್ಣ ತುಂಬಿದವರು ಯಾರು? ನೂರು ವರ್ಷಕ್ಕೂ ಮೀರಿದ ಕಾಮಿಕ್ಸ್ ಚರಿತ್ರೆಯಲ್ಲಿ ಬಹುಕಾಲ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಬಣ್ಣದ ಚಿತ್ರಕಥೆ ಹುಟ್ಟಿದ್ದೇ ಪತ್ರಿಕೆಗಳ ಪೈಪೋಟಿಯಲ್ಲಿ. ನ್ಯೂಯಾರ್ಕಿನಲ್ಲಿ ಜೋಸೆಫ್ ಪುಲಿಟ್ಜರ್ ನಡೆಸುತ್ತಿದ್ದ ‘ವರ್ಲ್ಡ್’ ಪತ್ರಿಕೆ ಭಾನುವಾರದ ಪುರವಣಿಗೆ ಬಣ್ಣದ ಮುದ್ರಣ ಯಂತ್ರ ತಂದಿತ್ತು. 1895-96ರಲ್ಲಿ ಅದರಲ್ಲಿ ರಿಚರ್ಡ್ ಔಟ್‌ಕಾಲ್ಟ್ ಬರೆದ ಬೋಳುತಲೆಯ ಕೊಳೆಗೇರಿಯ ಹುಡುಗನೊಬ್ಬ ಹಳದಿ ನಿಲುವಂಗಿ ತೊಟ್ಟು ಮನೆಮಾತಾದ. ‘ಯೆಲ್ಲೋ ಕಿಡ್’ ಎಂದೇ ಅವನ ಹೆಸರು. ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ 1896ರಲ್ಲಿ ಹೆಚ್ಚು ಹಣ ಕೊಟ್ಟು ಕಲಾವಿದನನ್ನೇ ತನ್ನ ಪತ್ರಿಕೆಗೆ ಎಳೆದುಕೊಂಡಾಗ ಎರಡೂ ಪತ್ರಿಕೆಗಳಲ್ಲಿ ಇಬ್ಬರು ಹಳದಿ ಹುಡುಗರು ಏಕಕಾಲಕ್ಕೆ ಕುಣಿಯತೊಡಗಿದರು. ‘ಪೀತ ಪತ್ರಿಕೋದ್ಯಮ’ ಎಂದು ನಾವು ಇಂದೂ ಬಳಸುವ ಬೈಗುಳದ ಹಿಂದೆ ಈ ಹುಡುಗನ ಅಂಗಿ ಇದೆ.

ಆ ಹಳದಿಯನ್ನು ಕಾಗದದ ಮೇಲೆ ತರುವುದು ಸುಲಭವಾಗಿರಲಿಲ್ಲ. ಅಚ್ಚಿನ ಯಂತ್ರಕ್ಕೆ ಶಾಯಿ ಹಚ್ಚುವುದು ಗೊತ್ತು, ಹಚ್ಚದೆ ಬಿಡುವುದು ಗೊತ್ತು. ತಿಳಿಯಾಗಿ ಹಚ್ಚುವುದು ಗೊತ್ತಿಲ್ಲ. ತಿಳಿಗೆಂಪು ಬೇಕಾದರೆ ಕೆಂಪನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ನಡುವೆ ಕಾಗದದ ಬಿಳುಪು ಕಾಣುವಂತೆ ಮಾಡಬೇಕು. ಕಣ್ಣು ದೂರದಿಂದ ಎರಡನ್ನೂ ಕಲಸಿ ಗುಲಾಬಿಯೆಂದು ಓದಿಕೊಳ್ಳುತ್ತದೆ. ಇಂಥ ಚುಕ್ಕೆಗಳನ್ನು ಅಚ್ಚಿನ ಫಲಕಕ್ಕೆ ಒತ್ತುವ ಸಿದ್ಧ ಹಾಳೆಗಳಿಗೆ 1879ರಲ್ಲಿ ಪೇಟೆಂಟ್ ಪಡೆದವನು ಬೆಂಜಮಿನ್ ಡೇ. ಇವನ ತಂದೆಯ ಹೆಸರೂ ಅದೇ. ‘ನ್ಯೂಯಾರ್ಕ್ ಸನ್’ ಪತ್ರಿಕೆಯ ಸ್ಥಾಪಕ. ಮಗನ ಚುಕ್ಕೆಗಳಿಗೆ ‘ಬೆನ್ ಡೇ ಚುಕ್ಕೆ’ ಎಂಬ ಹೆಸರು ಉಳಿಯಿತು. 1960ರ ದಶಕದಲ್ಲಿ ರಾಯ್ ಲಿಕ್ಟೆನ್‌ಸ್ಟೈನ್ ಎಂಬ ಚಿತ್ರಕಾರ ಕಾಮಿಕ್ಸ್‌ನ ಒಂದೊಂದು ಚೌಕವನ್ನು ಗೋಡೆಯಷ್ಟು ಹಿಗ್ಗಿಸಿ, ಚುಕ್ಕೆಗಳನ್ನೂ ನಾಣ್ಯದಷ್ಟು ಮಾಡಿ ಬರೆದಾಗ ಅದು ಆಧುನಿಕ ಕಲೆಯೆಂದು ಸಂಗ್ರಹಾಲಯ ಸೇರಿತು. ಮೂಲ ಚೌಕ ಬರೆದವರೂ ಅದಕ್ಕೆ ಬಣ್ಣ ಗೊತ್ತುಮಾಡಿದವರೂ ಪುಟಕ್ಕಿಷ್ಟೆಂದು ಕೂಲಿ ಪಡೆದು ಸುಮ್ಮನಿದ್ದರು.

ಅಮೆರಿಕದ ಕಾಮಿಕ್ಸ್ ಪುಸ್ತಕಗಳಲ್ಲಿ ಬಣ್ಣದ ಲೆಕ್ಕ ಹೀಗಿತ್ತು. ಕಪ್ಪು ಗೆರೆಗೆ ಒಂದು ಫಲಕ. ಉಳಿದ ಮೂರು ಹಳದಿ, ಕೆಂಪು, ನೀಲಿಗೆ. ಪ್ರತಿಯೊಂದು ಶಾಯಿಗೂ ನಾಲ್ಕೇ ಮೆಟ್ಟಿಲು: ಶೂನ್ಯ, ಶೇ. 25, ಶೇ. 50, ಪೂರ್ತಿ 100. ನಾಲ್ಕನ್ನು ನಾಲ್ಕರಿಂದ ಗುಣಿಸಿ ಮತ್ತೆ ನಾಲ್ಕರಿಂದ ಗುಣಿಸಿದರೆ 64. ಬಿಳಿಯೂ ಅದರಲ್ಲೇ ಸೇರಿತು. ನಮ್ಮ ಅರವತ್ತನಾಲ್ಕು ವಿದ್ಯೆಗಳಂತೆ ಅವರಿಗೆ ಅರವತ್ತನಾಲ್ಕು ಬಣ್ಣಗಳು. ಸೂಪರ್‌ಮ್ಯಾನ್‌ನ ಆಕಾಶ, ಬೆಕ್ಕಿನ ಮೈ, ರಕ್ತ, ಹುಲ್ಲು ಎಲ್ಲವೂ ಈ ಪಟ್ಟಿಯೊಳಗಿನಿಂದಲೇ ಬರಬೇಕು. ಬಿಳಿಯರ ಮೈಬಣ್ಣಕ್ಕೆ ಹಳದಿ ಶೇ. 25, ಕೆಂಪು ಶೇ. 25 ಎಂಬುದು ಕಾಯಂ ಸೂತ್ರ. ಕಪ್ಪು ಕೂದಲಿನ ಹೊಳಪು ತೋರಿಸಲು ಬೇರೆ ದಾರಿಯಿಲ್ಲದೆ ನೀಲಿಯನ್ನೇ ಹಚ್ಚಿದರು. ಸೂಪರ್‌ಮ್ಯಾನ್‌ನ ತಲೆಗೂದಲು ನೀಲಿಯಾಗಿ ಕಾಣುವುದು ಹೀಗೆ.

ಬಣ್ಣಗಾರ ಮಾಡುತ್ತಿದ್ದುದು ಒಂದು ಮಾದರಿಯನ್ನು ಮಾತ್ರ. ಗೆರೆಚಿತ್ರದ ನಕಲು ಪ್ರತಿಯೊಂದರ ಮೇಲೆ ನೀರುಬಣ್ಣದಂಥ ದ್ರವದಿಂದ ಬಣ್ಣ ತುಂಬಿ, ಪ್ರತಿ ಜಾಗಕ್ಕೂ ಬಾಣದ ಗುರುತು ಎಳೆದು, ‘ಹಳದಿ ಇಷ್ಟು, ಕೆಂಪು ಇಷ್ಟು’ ಎಂದು ಸಂಕೇತ ಬರೆದು ಕಳಿಸುತ್ತಿದ್ದ. ನಿಜವಾದ ದುಡಿಮೆ ಆಮೇಲಿನದು. ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್ ಎಂಬ ಕಾರ್ಖಾನೆಗಳ ಊರಿನಲ್ಲಿ ಕೆಮಿಕಲ್ ಕಲರ್ ಪ್ಲೇಟ್ ಎಂಬ ಸಂಸ್ಥೆಯಿತ್ತು. ದಶಕಗಳ ಕಾಲ ಅಮೆರಿಕದ ಕಾಮಿಕ್ಸ್‌ಗಳಲ್ಲಿ ಬಹುಪಾಲು ಇಲ್ಲಿಯೇ ಬಣ್ಣ ಬೇರ್ಪಡಿಸಿಕೊಂಡು, ಇಲಿನಾಯ್ ರಾಜ್ಯದ ಸ್ಪಾರ್ಟ ಎಂಬ ಪುಟ್ಟ ಊರಿನ ದೊಡ್ಡ ಮುದ್ರಣಾಲಯಕ್ಕೆ ಹೋಗುತ್ತಿದ್ದವು.

ಬ್ರಿಜ್‌ಪೋರ್ಟಿನ ಆ ಮೇಜುಗಳ ಮುಂದೆ ಕೂತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಅವರ ಮುಂದೆ ಒಂದೊಂದು ಪುಟಕ್ಕೂ ಒಂಬತ್ತು ಪಾರದರ್ಶಕ ಹಾಳೆಗಳು: ಹಳದಿಗೆ ಮೂರು, ಕೆಂಪಿಗೆ ಮೂರು, ನೀಲಿಗೆ ಮೂರು. ಹಳದಿ ಶೇ. 25 ಎಲ್ಲೆಲ್ಲಿ ಬರಬೇಕೋ ಅಲ್ಲೆಲ್ಲ ಒಂದು ಹಾಳೆಯಲ್ಲಿ ಬೆಳಕು ತೂರದ ಗಟ್ಟಿ ಬಣ್ಣ ಬಳಿಯಬೇಕು, ಶೇ. 50 ಬರುವಲ್ಲಿ ಇನ್ನೊಂದರಲ್ಲಿ. ಹೀಗೆ ಒಂಬತ್ತು ಸಲ. ಇಪ್ಪತ್ತು ಪುಟದ ಕಥೆಗೆ ನೂರೆಂಬತ್ತು ಹಾಳೆ. ಬಳಿಯುವ ಬಣ್ಣ ಎಲ್ಲಕ್ಕೂ ಒಂದೇ, ಮಂಕಾದ ಕೆಂಗಂದು. ಅಂದರೆ ಕಡುನೀಲಿ ಮೇಲಂಗಿ, ಹಸಿರು ರಾಕ್ಷಸ, ಹೊನ್ನಿನ ಕಿರೀಟಗಳನ್ನು ಜಗತ್ತಿಗೆ ಕೊಟ್ಟವರು ಕೆಲಸದ ಹೊತ್ತಿನಲ್ಲಿ ಆ ಯಾವ ಬಣ್ಣವನ್ನೂ ಕಾಣುತ್ತಿರಲಿಲ್ಲ. ಮೂರು ಶಾಯಿಗಳು ಒಂದರ ಮೇಲೊಂದು ಬಿದ್ದಾಗ ಏನಾಗುವುದೆಂಬುದು ತಲೆಯೊಳಗೆ ಮಾತ್ರ ಇತ್ತು. ಪುಸ್ತಕದಲ್ಲಿ ಎಲ್ಲಾದರೂ ನಾಯಕನ ಕೈ ಹಸಿರಾಗಿ ಬಂದರೆ ಕಚೇರಿಗಳಲ್ಲಿ ತಪ್ಪು ಹೊರಿಸುತ್ತಿದ್ದುದು ಇವರ ಮೇಲೆ. ಸರಿಯಾಗಿ ಬಂದ ಲಕ್ಷಾಂತರ ಕೈಗಳಿಗೆ ಇವರ ಹೆಸರನ್ನು ಯಾವ ಪುಸ್ತಕವೂ ಅಚ್ಚು ಹಾಕಲಿಲ್ಲ.

ಬಣ್ಣಗಾರರ ಸ್ಥಿತಿಯೂ ಬಹಳ ಉತ್ತಮವೇನಲ್ಲ. 1950ರ ದಶಕದಲ್ಲಿ ಇ.ಸಿ. ಸಂಸ್ಥೆಯ ಭೀಕರ ಕಥೆಗಳಿಗೆ, ಆಮೇಲೆ ಮಾರ್ವೆಲ್‌ಗೆ ಬಣ್ಣ ಹಾಕಿದ ಮರೀ ಸೆವೆರಿನ್ ಅವರಂಥ ಕೆಲವರನ್ನು ಬಿಟ್ಟರೆ, 1970ರ ದಶಕದವರೆಗೆ ಇವರ ಹೆಸರು ಪುಟದ ಮೇಲೆ ಕಾಣುವುದೇ ಅಪರೂಪ. ಆದರೂ ಕಥೆಯನ್ನೇ ಬದಲಿಸುವ ಶಕ್ತಿ ಈ ಕೆಲಸಕ್ಕೆ ಇತ್ತು. 1962ರಲ್ಲಿ ‘ಹಲ್ಕ್’ ಮೊದಲ ಸಂಚಿಕೆ ಬಂದಾಗ ಆ ದೈತ್ಯ ಬೂದು ಬಣ್ಣದವನು. ಬಣ್ಣಗಾರ ಸ್ಟಾನ್ ಗೋಲ್ಡ್‌ಬರ್ಗ್. ಮೂರು ಶಾಯಿಗಳ ಚುಕ್ಕೆ ಸೇರಿಸಿ ಬೂದು ತರಬೇಕಷ್ಟೆ. ಯಾವುದೊಂದು ಶಾಯಿ ಸ್ವಲ್ಪ ಹೆಚ್ಚಾದರೂ ಬೂದು ಹಸಿರಾಗುತ್ತದೆ, ನೀಲಿಯಾಗುತ್ತದೆ, ಕಪ್ಪಾಗುತ್ತದೆ. ಆ ಸಂಚಿಕೆಯಲ್ಲಿ ದೈತ್ಯ ಪುಟಕ್ಕೊಂದು ಬಣ್ಣ ತಾಳಿದ. ಎರಡನೆಯ ಸಂಚಿಕೆಗೆ ಅವನನ್ನು ಹಸಿರು ಮಾಡಿದರು. ಇಂದು ಜಗತ್ತಿನ ಮಕ್ಕಳೆಲ್ಲ ಬಲ್ಲ ಹಸಿರು ದೈತ್ಯ ಹುಟ್ಟಿದ್ದು ಅಗ್ಗದ ಕಾಗದದ ಮೇಲೆ ಬೂದು ನಿಲ್ಲಲಿಲ್ಲ ಎಂಬ ಕಾರಣಕ್ಕೆ.

ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರಿಗೆ ಇನ್ನೊಂದು ನೆನಪು. 1936ರಲ್ಲಿ ಫ್ಯಾಂಟಮ್‌ನನ್ನು ಸೃಷ್ಟಿಸಿದ ಲೀ ಫಾಕ್ ಅವನ ಉಡುಪು ಬೂದು ಎಂದುಕೊಂಡಿದ್ದರು. ದಿನದ ಪಟ್ಟಿ ಕಪ್ಪು ಬಿಳುಪಿನದಾದ್ದರಿಂದ ಮಾತು ಬರಲಿಲ್ಲ. 1939ರಲ್ಲಿ ಭಾನುವಾರದ ಬಣ್ಣದ ಪುಟ ಶುರುವಾದಾಗ ಅದು ನೇರಳೆಯಾಗಿ ಅಚ್ಚಾಯಿತು, ಹಾಗೆಯೇ ಉಳಿಯಿತು. ಅಷ್ಟರಲ್ಲಿ ಬೇರೆ ದೇಶಗಳ ಮುದ್ರಕರು ತಮಗೆ ತೋಚಿದ್ದನ್ನು ಹಚ್ಚಿದ್ದರು. ಸ್ವೀಡನ್ನಿನ ಫ್ಯಾಂಟಮ್ ನೀಲಿ, ಇಟಲಿಯವನು ಕೆಂಪು. ನೇರಳೆ ಬಿಗಿಯುಡುಪು ತೊಟ್ಟು ಹಸಿರು ಕಾಡಿನಲ್ಲಿ ಅಡಗುವುದು ಹೇಗೆಂದು ನಮ್ಮಲ್ಲಿ ಕೆಲವರು ಆಗಲೇ ಕೇಳಿದ್ದುಂಟು. ಉತ್ತರ ಕಾಡಿನಲ್ಲಿರಲಿಲ್ಲ, ಅಚ್ಚುಕೂಟದಲ್ಲಿತ್ತು.

ಯೂರೋಪಿನವರು ಬೇರೆ ದಾರಿ ಹಿಡಿದಿದ್ದರು. ಟಿನ್‌ಟಿನ್ ಕಥೆಗಳ ಎರ್ಜೆ ಅವರ ಆಲ್ಬಮ್‌ಗಳು 1942ರಿಂದ ಬಣ್ಣದಲ್ಲಿ ಬರತೊಡಗಿದವು. ಅಲ್ಲಿ ಗೆರೆಚಿತ್ರವನ್ನು ದಪ್ಪ ಕಾಗದದ ಮೇಲೆ ತೀರ ತಿಳಿಯಾದ ನೀಲಿಯಲ್ಲೋ ಬೂದಿನಲ್ಲೋ ಅಚ್ಚು ಹಾಕಿಕೊಂಡು, ಅದರ ಮೇಲೆ ಕುಂಚದಿಂದ ನಿಜವಾದ ಬಣ್ಣಗಳನ್ನೇ ತುಂಬುತ್ತಿದ್ದರು. ಕಪ್ಪು ಗೆರೆಗಳು ಪ್ರತ್ಯೇಕವಾಗಿ ಪಾರದರ್ಶಕ ಹಾಳೆಯ ಮೇಲೆ ಇರುತ್ತಿದ್ದವು. ಎರಡನ್ನೂ ಒಂದರ ಮೇಲೊಂದಿಟ್ಟರೆ ಪುಟ ಪೂರ್ತಿಯಾಯಿತು. ಬಣ್ಣ ಹಾಕುವವನು ಕುಂಚವನ್ನು ಗೆರೆಯ ಮೇಲೆ ತಾಗಿಸಿದರೂ ಗೆರೆ ಕೆಡುವುದಿಲ್ಲ. ಗೆರೆ ಬೇರೆ, ಬಣ್ಣ ಬೇರೆ ಎಂಬ ಈ ಒಂದು ಉಪಾಯವನ್ನು ನೆನಪಿಟ್ಟುಕೊಳ್ಳಿ. ಕಂಪ್ಯೂಟರ್ ಮುಂದೆ ಮಾಡಿದ್ದೆಲ್ಲ ಇದನ್ನೇ.

ಕಂಪ್ಯೂಟರ್ ಕಾಮಿಕ್ಸ್‌ಗೆ ಕಾಲಿಟ್ಟದ್ದು ತಲೆಕೆಳಗಾಗಿ. 1985ರಲ್ಲಿ ಷಿಕಾಗೋದ ಪ್ರಕಾಶನವೊಂದು ‘ಷಾಟರ್’ ಎಂಬ ಪುಸ್ತಕ ತಂದಿತು. ಮೈಕ್ ಸೆಯೆಂಜ್ ಎಂಬ ಕಲಾವಿದ ಆಗಷ್ಟೇ ಬಂದಿದ್ದ ಮ್ಯಾಕಿಂಟೋಷ್ ಗಣಕದಲ್ಲಿ ಮೌಸ್ ಹಿಡಿದು ಚಿತ್ರ ಬರೆದರು. ಗೆರೆಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಂಡವು. ಆದರೆ ಬಣ್ಣ? ಆ ಗಣಕಕ್ಕೆ ಕಪ್ಪು ಬಿಳುಪಲ್ಲದೆ ಬೇರೇನೂ ತಿಳಿಯದು. ಹಾಗಾಗಿ ಚಿತ್ರವನ್ನು ಪ್ರಿಂಟರಿನಲ್ಲಿ ತೆಗೆದು ಬಣ್ಣವನ್ನು ಹಳೆಯ ಕ್ರಮದಲ್ಲಿ ಕೈಯಿಂದಲೇ ಹಾಕಬೇಕಾಯಿತು. ಮುಂದೆ ಉಳಿದದ್ದು ಇದಕ್ಕೆ ತೀರ ವಿರುದ್ಧವಾದ ಏರ್ಪಾಡು: ಗೆರೆ ಕೈಯದು, ಬಣ್ಣ ಯಂತ್ರದ್ದು.

ಅದನ್ನು ತೋರಿಸಿಕೊಟ್ಟದ್ದು 1988ರಲ್ಲಿ ಮಾರ್ವೆಲ್‌ನ ಎಪಿಕ್ ವಿಭಾಗ ಹೊರತಂದ ‘ಅಕಿರಾ’. ಕಾತ್ಸುಹಿರೊ ಒಟೊಮೊ ಜಪಾನಿನಲ್ಲಿ 1982ರಿಂದ ಬರೆಯುತ್ತಿದ್ದ ಈ ಬೃಹತ್ ಕಥೆ ಮೂಲದಲ್ಲಿ ಕಪ್ಪು ಬಿಳುಪಿನದು. ಜಪಾನಿನ ಮಂಗಾಗಳು ಬಹುತೇಕ ಹಾಗೆಯೇ. ಅಮೆರಿಕದ ಓದುಗ ಕಪ್ಪು ಬಿಳುಪನ್ನು ಕೊಳ್ಳಲಾರನೆಂದು ಪ್ರಕಾಶಕರಿಗೆ ಅನ್ನಿಸಿತು. ಕೆಲಸ ಬಂದದ್ದು ಕ್ಯಾಲಿಫೋರ್ನಿಯದ ಕಡಲ ತೀರದ ಪಾಯಿಂಟ್ ಅರೀನ ಎಂಬ ಚಿಕ್ಕ ಊರಿನ ಸ್ಟೀವ್ ಆಲಿಫ್ ಅವರಿಗೆ. ಅವರೂ ಅವರ ಪುಟ್ಟ ತಂಡವೂ ಗೆರೆಚಿತ್ರವನ್ನು ಗಣಕಕ್ಕೆ ಇಳಿಸಿ, ಪರದೆಯ ಮೇಲೆ ಬಣ್ಣ ತುಂಬಿದರು. ನಿಯೋ ಟೋಕಿಯೋದ ರಾತ್ರಿ, ಮೋಟಾರ್ ಸೈಕಲ್‌ಗಳ ಹಿಂದೀಪ ಎಳೆದುಕೊಂಡು ಹೋಗುವ ಕೆಂಪು ಗೀರು, ಸ್ಫೋಟದ ಹೊಗೆಯ ಮಣ್ಣುಬಣ್ಣ. 64ರ ಪಟ್ಟಿಯಲ್ಲಿ ಇವು ಯಾವುವೂ ಇರಲಿಲ್ಲ. 38 ಸಂಚಿಕೆಗಳ ಈ ಕೆಲಸ ಮುಗಿದದ್ದು 1995ರಲ್ಲಿ. ಅಷ್ಟರೊಳಗೆ ಫ್ರಾನ್ಸಿನಲ್ಲೂ ‘ಅಕಿರಾ’ ಬಣ್ಣದಲ್ಲಿ ಬಂದು ಹೆಸರು ಮಾಡಿತ್ತು. ಅಮೆರಿಕದ ಐಸ್ನರ್ ಪ್ರಶಸ್ತಿಗಳಲ್ಲಿ 1992ರಲ್ಲಿ ಮೊದಲ ಬಾರಿಗೆ ಬಣ್ಣಗಾರಿಕೆಗೆಂದೇ ಒಂದು ಪ್ರಶಸ್ತಿ ಇಟ್ಟಾಗ ಅದು ಆಲಿಫ್ ಅವರಿಗೆ ಸಂದಿತು. ಯೆಲ್ಲೋ ಕಿಡ್‌ನ ಅಂಗಿಗೆ ಯಾರೋ ಹಳದಿ ಹಾಕಿ ಆಗ ತೊಂಬತ್ತಾರು ವರ್ಷ.

ಅಷ್ಟರಲ್ಲಿ ಫೋಟೋಶಾಪ್ ಬಂದಿತ್ತು. ಥಾಮಸ್ ಮತ್ತು ಜಾನ್ ನೋಲ್ ಎಂಬ ಸೋದರರು ಬರೆದ ಈ ತಂತ್ರಾಂಶವನ್ನು ಅಡೋಬಿ ಸಂಸ್ಥೆ 1990ರಲ್ಲಿ ಮಾರುಕಟ್ಟೆಗೆ ತಂದಿತು. 1991ರಲ್ಲಿ ಅಚ್ಚಿನ ನಾಲ್ಕು ಶಾಯಿಗಳ ಲೆಕ್ಕದಲ್ಲೇ ಕೆಲಸ ಮಾಡುವ ಅನುಕೂಲ ಸೇರಿತು. 1994ರಲ್ಲಿ ‘ಲೇಯರ್’ ಅಥವಾ ಪದರಗಳು ಬಂದವು. ಒಂದರ ಮೇಲೊಂದು ಪಾರದರ್ಶಕ ಹಾಳೆ ಇಟ್ಟಂತೆ. ಎರ್ಜೆಯ ಮೇಜಿನ ಮೇಲಿದ್ದುದು ಪರದೆಯೊಳಗೆ ಸೇರಿಕೊಂಡಿತು ಎನ್ನಬಹುದು.

ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ‘ಕಂಪ್ಯೂಟರ್ ತಾನೇ ಮಾಡುತ್ತದೆ’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕಲಾವಿದ ಬರೆಯುವ ಹಾಳೆ ಅಚ್ಚಾಗುವ ಪುಟಕ್ಕಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದು. ಮೊದಲು ತಿಳಿನೀಲಿ ಪೆನ್ಸಿಲಿನಲ್ಲಿ ರೂಪುರೇಷೆ ಹಾಕಿ ಮೇಲೆ ಕಪ್ಪು ಶಾಯಿ ಎಳೆಯುವುದು ಹಲವರ ಅಭ್ಯಾಸ. ಹಿಂದಿನ ಕಾಲದ ಅಚ್ಚುಕೂಟದ ಫಿಲಮ್ಮಿಗೆ ತಿಳಿನೀಲಿ ಕಾಣುತ್ತಿರಲಿಲ್ಲವಾದ್ದರಿಂದ ಅಳಿಸುವ ಕಷ್ಟವಿಲ್ಲ ಎಂಬ ಉಪಾಯ ಅದು. ಸ್ಕ್ಯಾನರಿಗೆ ನೀಲಿಯೂ ಕಾಣುತ್ತದೆ. ಆದ್ದರಿಂದ ಚಿತ್ರವನ್ನು ಕೆಂಪು, ಹಸಿರು, ನೀಲಿ ಬೆಳಕುಗಳಾಗಿ ಒಡೆದು ನೀಲಿಯ ಭಾಗವನ್ನಷ್ಟೇ ಇಟ್ಟುಕೊಂಡರೆ ಪೆನ್ಸಿಲಿನ ಗೀರು ಕಾಗದದ ಬಿಳುಪಿನಲ್ಲಿ ಕರಗಿ ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಆಮೇಲೆ ಬೂದು ಛಾಯೆಗಳನ್ನು ತೆಗೆದುಹಾಕಬೇಕು. ಇಷ್ಟಕ್ಕಿಂತ ಕಪ್ಪಾದದ್ದು ಪೂರ್ತಿ ಕಪ್ಪು, ಇಷ್ಟಕ್ಕಿಂತ ಬೆಳ್ಳಗಿರುವುದು ಪೂರ್ತಿ ಬಿಳಿ ಎಂದು ಗಡಿ ಹಾಕುವುದು. ಗಡಿಯನ್ನು ಸ್ವಲ್ಪ ಆಚೆಗಿಟ್ಟರೆ ರೆಪ್ಪೆಗೂದಲಿನಂಥ ಸಣ್ಣ ಗೆರೆಗಳು ತುಂಡಾಗುತ್ತವೆ. ಈಚೆಗಿಟ್ಟರೆ ಕಾಗದದ ತರಿಯೆಲ್ಲ ಕಪ್ಪು ಚುಕ್ಕೆಯಾಗಿ ಏಳುತ್ತದೆ. ರವೆ ಜರಡಿ ಹಿಡಿಯುವ ಕೆಲಸವಿದ್ದಂತೆ; ಕೈಯ ಅಂದಾಜೇ ಅಂದಾಜು.

ಹೀಗೆ ಶುದ್ಧವಾದ ಗೆರೆಯನ್ನು ಮೇಲಿನ ಪದರದಲ್ಲಿ ಇಡುತ್ತಾರೆ, ಅದೂ ಕಪ್ಪು ಶಾಯಿಯ ಪಾಲಿಗೆ ಮಾತ್ರ. ಇಲ್ಲೊಂದು ಹಳ್ಳವಿದೆ, ಹೊಸಬರೆಲ್ಲ ಅದರಲ್ಲಿ ಬಿದ್ದವರೇ. ಪರದೆಯ ಮೇಲಿನ ಕಪ್ಪನ್ನು ಹಾಗೆಯೇ ಅಚ್ಚಿಗೆ ಪರಿವರ್ತಿಸಿದರೆ ತಂತ್ರಾಂಶ ಅದನ್ನು ನಾಲ್ಕೂ ಶಾಯಿಗಳಿಗೆ ಹಂಚಿಬಿಡುತ್ತದೆ. ಅಚ್ಚಿನಲ್ಲಿ ಒಂದು ಶಾಯಿ ಕೂದಲೆಳೆಯಷ್ಟು ಸರಿದರೂ ಪ್ರತಿ ಗೆರೆಯ ಪಕ್ಕದಲ್ಲೂ ಕೆಂಪು, ನೀಲಿ ನೆರಳು ಮೂಡಿ ಮುಖಗಳೆಲ್ಲ ನಡುಗಿದಂತೆ ಕಾಣುತ್ತವೆ. ಗೆರೆ ಒಂದೇ ಶಾಯಿಯದಾದರೆ ಆ ಭಯವಿಲ್ಲ. ಅದೇ ರೀತಿ ಕೆಳಗಿನ ಬಣ್ಣವನ್ನು ಗೆರೆಯ ಅಂಚಿಗೆ ನಿಲ್ಲಿಸದೆ ಗೆರೆಯ ಅಡಿಗೂ ಹರಿಸುತ್ತಾರೆ. ಸೇನಾಪತಿಯ ಅಂಗಿಯ ಪಕ್ಕದ ಬಿಳಿ ಸಂದು ಹೋದದ್ದು ಈ ಉಪಾಯದಿಂದ. ರಂಗೋಲಿ ಹಾಕುವವರು ಬಿಳಿ ಎಳೆಯೆಳೆದು ಒಳಗೆ ಬಣ್ಣ ತುಂಬಿದ ಮೇಲೆ ಎಳೆಯನ್ನು ಮತ್ತೊಮ್ಮೆ ತಿದ್ದುತ್ತಾರಲ್ಲ, ಆ ಜಾಣತನವೇ ಇದೂ.

ಗೆರೆಯ ಕೆಳಗೆ ಮೊದಲು ಬೀಳುವುದು ಚಪ್ಪಟೆ ಬಣ್ಣ. ಕೈಗೊಂದು, ಅಂಗಿಗೊಂದು, ಗುಂಡಿಗೊಂದು, ಹಿಂದಿನ ಮರದ ಎಲೆಗಳಿಗೊಂದು. ಅಂಚುಗಳು ಚೂರೂ ಮಸುಕಾಗಿರಕೂಡದು. ಮುಂದಿನವರು ಒಂದೇ ಗುಂಡಿ ಒತ್ತಿ ಆ ಜಾಗವನ್ನು ಖಚಿತವಾಗಿ ಆರಿಸಿಕೊಳ್ಳುವಂತಿರಬೇಕು. ನೆರಳು, ಬೆಳಕು, ಹೊತ್ತಿನ ಛಾಯೆ ಎಲ್ಲ ಆಮೇಲೆ ಮುಖ್ಯ ಬಣ್ಣಗಾರನ ಪಾಲು. ಒತ್ತಡವನ್ನು ಗ್ರಹಿಸುವ ವಿದ್ಯುತ್ ಲೇಖನಿ ಹಿಡಿದು ಆತ ಬರೆಯುವುದನ್ನು ನೋಡಿದರೆ ಕುಂಚ ಹಿಡಿದ ಚಿತ್ರಕಾರನಿಗೂ ಅವನಿಗೂ ವ್ಯತ್ಯಾಸ ತೋರದು. ಚಪ್ಪಟೆ ಬಣ್ಣ ಹಾಕಿಕೊಡುವವರನ್ನು ಈ ವೃತ್ತಿಯಲ್ಲಿ ‘ಫ್ಲ್ಯಾಟರ್’ ಎನ್ನುತ್ತಾರೆ. ಪುಟಕ್ಕಿಷ್ಟು ಎಂದು ಕೂಲಿ. ಕೆಲಸ ದೇಶ ದಾಟಿ ಎಲ್ಲಿ ಅಗ್ಗವೋ ಅಲ್ಲಿಗೂ ಹೋಗುತ್ತದೆ. ಕೆಲವು ಪುಸ್ತಕಗಳಲ್ಲಿ ಇವರ ಹೆಸರು ಹಾಕುವ ಸೌಜನ್ಯವಿದೆ, ಹೆಚ್ಚಿನವುಗಳಲ್ಲಿ ಇಲ್ಲ. ಬ್ರಿಜ್‌ಪೋರ್ಟಿನ ಹೆಂಗಸರ ಕುಂಚಕ್ಕೆ ಕೆಲಸ ತಪ್ಪಿತು. ಅವರ ಕೆಲಸ ಮಾತ್ರ ಎಲ್ಲಿಗೂ ಹೋಗಲಿಲ್ಲ, ಇನ್ನೊಬ್ಬರ ಮೇಜಿಗೆ ಬಂತು.

64ರ ಕಟ್ಟು ಕಳಚಿದಾಗ ಮೊದಲು ಆದದ್ದು ಅತಿರೇಕ. 1992ರಲ್ಲಿ ಕೆಲವು ಜನಪ್ರಿಯ ಕಲಾವಿದರು ಮಾರ್ವೆಲ್ ಬಿಟ್ಟು ಇಮೇಜ್ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಅವರ ‘ಸ್ಪಾನ್’ ಮುಂತಾದ ಪುಸ್ತಕಗಳು ಹೊಳಪಿನ ಕಾಗದ, ಗಣಕದ ಬಣ್ಣಗಳಿಂದಲೇ ಅಂಗಡಿಯಲ್ಲಿ ಕಣ್ಣು ಸೆಳೆದವು. ಉಳಿದವರು ಹಿಂದೆ ಬಿದ್ದರು. ಪ್ರತಿ ಸ್ನಾಯುವಿಗೂ ಒಂದು ಹೊಳಪು, ಪ್ರತಿ ಲೋಹಕ್ಕೂ ಒಂದು ನಕ್ಷತ್ರ, ಹಿನ್ನೆಲೆಗೆಲ್ಲ ಕಾಮನಬಿಲ್ಲಿನ ಇಳಿಜಾರು. ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ ಎಲ್ಲವೂ ಒಟ್ಟಿಗೆ ಮಿನುಗಿದರೆ ಯಾವುದನ್ನು ನೋಡುವುದು? ಗೆರೆ ಬರೆದವನು ನೆರಳನ್ನು ಎಡಕ್ಕೆ ಹಾಕಿದ್ದರೆ ಬಣ್ಣಗಾರ ಬಲಕ್ಕೆ ಹಾಕಿದ್ದೂ ಉಂಟು. ಒಳ್ಳೆಯ ಬಣ್ಣಗಾರರು ಬಿಡುವುದನ್ನು ಕಲಿಯಲು ಒಂದು ದಶಕವೇ ಬೇಕಾಯಿತು ಎಂದು ನನ್ನ ಅನಿಸಿಕೆ.

ನಿಜವಾದ ಜಗಳ ಹೊಸ ಪುಸ್ತಕಗಳದಲ್ಲ, ಹಳೆಯವುಗಳದು. ಹಳೆಯ ಕಥೆಗಳನ್ನು ಮರುಮುದ್ರಿಸುವಾಗ ಬಣ್ಣವನ್ನೇನು ಮಾಡಬೇಕು? ಅಂದಿನ ಬಣ್ಣಗಳನ್ನು ಲೆಕ್ಕ ಹಾಕಿದ್ದು ಶಾಯಿ ಹೀರುವ, ಕಂದು ಬಣ್ಣಕ್ಕೆ ತಿರುಗುವ ಸುದ್ದಿಕಾಗದಕ್ಕೆ. ಕಾಗದ ಮಂಕಾಗಿಸುತ್ತದೆಂದು ತಿಳಿದೇ ಬಣ್ಣವನ್ನು ಗಾಢವಾಗಿ ಹಾಕುತ್ತಿದ್ದರು. ಅದೇ ಅಂಕಿಗಳನ್ನು ಇಂದಿನ ಬೆಳ್ಳನೆಯ ಹೊಳಪು ಕಾಗದಕ್ಕೆ ಹಾಕಿದರೆ ಕಣ್ಣಿಗೆ ಕುಕ್ಕುತ್ತದೆ. ಅಂಕಿಗೆ ನಿಷ್ಠರಾಗಿರಬೇಕೋ, ಓದುಗ ಅಂದು ಕಂಡದ್ದಕ್ಕೆ ನಿಷ್ಠರಾಗಿರಬೇಕೋ ಎಂಬುದು ಬಗೆಹರಿಯದ ಪ್ರಶ್ನೆ. ಮೂಲ ಗೆರೆಚಿತ್ರವೇ ಕಳೆದುಹೋಗಿರುವ ಕಥೆಗಳ ಪಾಡು ಇನ್ನೂ ವಿಚಿತ್ರ. ಗ್ರೆಗ್ ಥೀಕ್‌ಸ್ಟನ್ ಎಂಬುವರು ಹಳೆಯ ಪುಸ್ತಕದ ಪುಟವನ್ನೇ ರಾಸಾಯನಿಕದಲ್ಲಿ ಅದ್ದಿ, ಬಣ್ಣವನ್ನೆಲ್ಲ ಚಲುವೆ ಮಾಡಿ, ಕಪ್ಪು ಗೆರೆ ಮಾತ್ರ ಉಳಿಸುವ ಕ್ರಮ ಕಂಡುಹಿಡಿದರು. ಗೆರೆ ಬದುಕುತ್ತಿತ್ತು, ಅಪರೂಪದ ಆ ಪ್ರತಿ ಅಲ್ಲಿಗೆ ಮುಗಿಯುತ್ತಿತ್ತು. ಒಂದನ್ನು ಉಳಿಸಲು ಇನ್ನೊಂದನ್ನು ಕೊಲ್ಲುವ ಈ ಲೆಕ್ಕ ಸ್ಕ್ಯಾನರುಗಳು ಚೆನ್ನಾಗಿ ಬೆಳೆದ ಮೇಲೆ ತಪ್ಪಿತು.

1988ರ ‘ದಿ ಕಿಲ್ಲಿಂಗ್ ಜೋಕ್’ ಪುಸ್ತಕದ ಪ್ರಕರಣ ಹೆಸರಾಂತದ್ದು. ಅಲನ್ ಮೂರ್ ಬರೆದ ಈ ಬ್ಯಾಟ್‌ಮನ್ ಕಥೆಗೆ ಚಿತ್ರ ಬ್ರಯನ್ ಬೊಲ್ಯಾಂಡ್ ಅವರದು, ಬಣ್ಣ ಜಾನ್ ಹಿಗಿನ್ಸ್ ಅವರದು. ಹಿಗಿನ್ಸ್ ಹಾಕಿದ್ದು ಜ್ವರ ಬಂದವನ ಕನಸಿನಂಥ ನೇರಳೆ, ಹಳದಿ, ಕಿತ್ತಳೆಗಳು. ಓದುಗರು ಮೆಚ್ಚಿದರು. ಬೊಲ್ಯಾಂಡ್ ಅವರ ಮನಸ್ಸಿನಲ್ಲಿದ್ದದ್ದು ಅದಲ್ಲ. ಇಪ್ಪತ್ತು ವರ್ಷದ ಮೇಲೆ, 2008ರ ಆವೃತ್ತಿಗೆ ಅವರು ಇಡೀ ಪುಸ್ತಕಕ್ಕೆ ಗಣಕದಲ್ಲಿ ತಾವೇ ಮತ್ತೆ ಬಣ್ಣ ಹಾಕಿದರು. ಎಲ್ಲವೂ ತಣ್ಣಗಾಯಿತು. ಜೋಕರನ ಗತಕಾಲದ ದೃಶ್ಯಗಳು ಬಹುಮಟ್ಟಿಗೆ ಕಪ್ಪು ಬಿಳುಪಾಗಿ, ಅಲ್ಲಲ್ಲಿ ಒಂದೊಂದು ವಸ್ತು ಮಾತ್ರ ಕೆಂಪಾಗಿ ಉಳಿಯಿತು. ಮಾತು ಅವೇ, ಗೆರೆ ಅವೇ. ಆದರೆ ಮೊದಲನೆಯದರಲ್ಲಿ ಓದುಗ ಹುಚ್ಚನ ತಲೆಯೊಳಗಿದ್ದಾನೆ, ಎರಡನೆಯದರಲ್ಲಿ ಹೊರಗೆ ನಿಂತು ನೋಡುತ್ತಿದ್ದಾನೆ. ಚಿತ್ರಕಾರನಿಗೆ ತನ್ನ ಚಿತ್ರದ ಮೇಲೆ ಹಕ್ಕಿದೆ, ಸರಿ. ಇಪ್ಪತ್ತು ವರ್ಷ ಜನ ಓದಿದ ಪುಸ್ತಕದಲ್ಲಿ ಹಿಗಿನ್ಸ್ ಅವರ ಹಕ್ಕು ಎಷ್ಟು? ನನಗೇನೋ ಹಳೆಯದೇ ಹೆಚ್ಚು ಹಿಡಿಸುತ್ತದೆ, ಬಹುಶಃ ಮೊದಲು ಕಂಡದ್ದು ಅದಾದ್ದರಿಂದ.

ಚಿತ್ರಕಾರನೇ ಇಲ್ಲದಿದ್ದರೆ? ಟಿನ್‌ಟಿನ್‌ನ ಮೊಟ್ಟಮೊದಲ ಕಥೆ, 1929-30ರ ಸೋವಿಯತ್ ನಾಡಿನ ಸಾಹಸ, ಕಪ್ಪು ಬಿಳುಪಿನದು. ತಮ್ಮ ಇತರ ಹಳೆಯ ಕಥೆಗಳನ್ನು ತಿದ್ದಿ ಬಣ್ಣ ಹಾಕಿಸಿದ ಎರ್ಜೆ ಇದೊಂದನ್ನು ಮುಟ್ಟದೆ ಬಿಟ್ಟು 1983ರಲ್ಲಿ ತೀರಿಕೊಂಡರು. 2017ರಲ್ಲಿ ಮಿಷೆಲ್ ಬರೋ ಗಣಕದಲ್ಲಿ ಹಾಕಿದ ಬಣ್ಣದೊಂದಿಗೆ ಅದು ಹೊರಬಂತು. ಗೆರೆಗಳನ್ನು ಶುಚಿಗೊಳಿಸಿದ ಮೇಲೆ ಕಥೆ ಎಷ್ಟೋ ಸ್ಪಷ್ಟವಾಗಿ ಓದಿಸಿಕೊಂಡಿತು ಎಂದವರೂ ಇದ್ದರು. ಸತ್ತವನ ಕೈಗೆ ಕುಂಚ ಕೊಟ್ಟರು ಎಂದವರೂ ಇದ್ದರು.

ನಮ್ಮ ಕಡೆಯ ಕಥೆಗೂ ಇದಕ್ಕೂ ನಂಟಿದೆ. ‘ಅಮರ ಚಿತ್ರಕಥೆ’ ಮಾಲೆಯ ಇಂಗ್ಲಿಷ್ ಪುಸ್ತಕಗಳು ಹನ್ನೊಂದನೆಯ ಸಂಖ್ಯೆಯಿಂದ, ‘ಕೃಷ್ಣ’ನಿಂದ, ಶುರುವಾಗುವುದನ್ನು ಕಂಡು ಹಲವರಿಗೆ ಸೋಜಿಗ. ಮೊದಲ ಹತ್ತು ಬಂದದ್ದು ಕನ್ನಡದಲ್ಲಿ! 1965ರ ಸುಮಾರಿಗೆ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಯೋಚನೆಯಂತೆ ಸಿಂಡ್ರೆಲಾ ಮುಂತಾದ ಪಶ್ಚಿಮದ ಕಥೆಗಳು ಕನ್ನಡದಲ್ಲಿ ಹೊರಟವು. ಆಮೇಲೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಮುಂಬಯಿಯಲ್ಲಿ ಕುಳಿತು ಪುರಾಣ, ಇತಿಹಾಸಗಳ ಮಾಲೆಯನ್ನು ಬೆಳೆಸಿದ್ದು ಎಲ್ಲರಿಗೂ ಗೊತ್ತು. ಆರಂಭದ ಪುಸ್ತಕಗಳಿಗೆ ಪೂರ್ಣ ಬಣ್ಣಕ್ಕೆ ಹಣವಿರಲಿಲ್ಲ. ಹಳದಿ, ನೀಲಿ, ಹಸಿರುಗಳಲ್ಲಿ ಮುಗಿಸಿದರು. ಲೆಕ್ಕ ಸರಳ: ಹಳದಿಯ ಮೇಲೆ ನೀಲಿ ಬಿದ್ದರೆ ಹಸಿರು ಪುಕ್ಕಟೆ. ಇಂಥ ಪುಟದಲ್ಲಿ ನೀಲಮೇಘಶ್ಯಾಮನಿಗೆ ಅಡ್ಡಿಯಿಲ್ಲ. ಯಶೋದೆಯ ಕುಂಕುಮಕ್ಕೆ ಕೆಂಪನ್ನು ಎಲ್ಲಿಂದ ತರುವುದು? ಮಾಲೆ ಗೆದ್ದು ಪೂರ್ಣ ಬಣ್ಣ ಬಂದ ಮೇಲೆ ಬೇರೆ ಪ್ರಶ್ನೆ ಎದ್ದಿತು. ದೇವತೆಗಳೂ ರಾಜರೂ ಗೌರವರ್ಣದವರಾಗಿ, ಅಸುರರು ಕಂದು ಮೈಯವರಾಗಿ ಕಾಣಿಸುವುದನ್ನು ವಿದ್ವಾಂಸರು ಎತ್ತಿ ತೋರಿಸಿದರು. ಯಕ್ಷಗಾನದಲ್ಲಿ ರಾಕ್ಷಸನ ಪಾತ್ರವನ್ನೇ ‘ಬಣ್ಣದ ವೇಷ’ ಎನ್ನುತ್ತೇವೆ, ನಿಜ. ಅಲ್ಲಿ ಮುಖದ ಮೇಲೆ ಬರೆದದ್ದು ವೇಷವೆಂದು ಮಗುವಿಗೂ ತಿಳಿದಿರುತ್ತದೆ. ಪುಸ್ತಕದ ಪುಟದಲ್ಲಿ ಹಚ್ಚಿದ್ದು ಚರ್ಮದ ಬಣ್ಣ. ಹೊಸ ಮುದ್ರಣಗಳಿಗೆ ಗಣಕದಲ್ಲಿ ಮತ್ತೆ ಬಣ್ಣ ಹಾಕುವಾಗ ಇದನ್ನೆಲ್ಲ ತಿದ್ದುವ ಅವಕಾಶವಿದೆ, ಹಾಗೆಯೇ ನಯವಾಗಿಸಿ ಉಳಿಸುವ ಅವಕಾಶವೂ ಇದೆ.

ಬೆಂಗಳೂರಿಗೂ ಈ ಕೆಲಸ ಹೊಸದಲ್ಲ. 2006ರಲ್ಲಿ ಆರಂಭವಾದ ವರ್ಜಿನ್ ಕಾಮಿಕ್ಸ್ ಇಲ್ಲಿ ಸ್ಟುಡಿಯೋ ಇಟ್ಟು ‘ದೇವಿ’, ‘ರಾಮಾಯಣ್ 3392 ಎ.ಡಿ.’ ಮೊದಲಾದ ಪುಸ್ತಕಗಳನ್ನು ಅಮೆರಿಕದ ಅಂಗಡಿಗಳಿಗೆ ಸಿದ್ಧಪಡಿಸಿತು. ಎರಡೇ ವರ್ಷದಲ್ಲಿ, 2008ರಲ್ಲಿ, ಅದು ಕೈ ಬದಲಾಗಿ ಲಿಕ್ವಿಡ್ ಕಾಮಿಕ್ಸ್ ಎನಿಸಿತು. ಈಚೆಗೆ ಕೊರಿಯಾದವರು ಫೋನಿನ ಪರದೆಗೆಂದೇ ಮೇಲಿಂದ ಕೆಳಕ್ಕೆ ಓದುವ ಚಿತ್ರಕಥೆಗಳನ್ನು ಬೆಳೆಸಿದ್ದಾರೆ. ಅಲ್ಲಿ ಶಾಯಿಯೂ ಇಲ್ಲ, ಕಾಗದವೂ ಇಲ್ಲ, ರಿಜಿಸ್ಟರ್ ತಪ್ಪುವ ಮಾತೂ ಇಲ್ಲ. ಚಪ್ಪಟೆ ಬಣ್ಣವನ್ನು ಅಂದಾಜಿನಿಂದ ತಾನೇ ತುಂಬುವ ತಂತ್ರಾಂಶಗಳೂ ಬಂದಿವೆ. ಹೆಸರಿಲ್ಲದ ಫ್ಲ್ಯಾಟರುಗಳ ಕೂಲಿಗೆ ಕತ್ತರಿ ಬೀಳುವುದು ಅಲ್ಲಿಂದಲೇ.

ಅಟ್ಟದಿಂದ ಇಳಿಸಿದ ಆ ಕಟ್ಟು ಇನ್ನೂ ಎದುರಿಗಿದ್ದರೆ ಒಂದು ಭೂತಗನ್ನಡಿ ಹಿಡಿದು ನೋಡಿ. ಹಳೆಯ ಪುಟದಲ್ಲಿ ಗಲ್ಲದ ಬಣ್ಣ ದೊಡ್ಡ ದೊಡ್ಡ ಚುಕ್ಕೆಗಳಾಗಿ, ಸಾಲಾಗಿ, ಎಲ್ಲ ಒಂದೇ ಗಾತ್ರದಲ್ಲಿ ಕಾಣುತ್ತದೆ. ಮೊಮ್ಮಕ್ಕಳ ಹೊಸ ಪುಸ್ತಕದಲ್ಲೂ ಚುಕ್ಕೆಗಳಿವೆ, ಸಾಸಿವೆಗಿಂತ ಎಷ್ಟೋ ಸಣ್ಣವು, ಒಂದರಿಂದ ಒಂದಕ್ಕೆ ಗಾತ್ರ ಬದಲಾಗುತ್ತ ಹೋಗುವಂಥವು. ಗೆರೆಯ ಮೇಲೆ ಮಾತ್ರ ಎರಡರಲ್ಲೂ ಚುಕ್ಕೆಯಿಲ್ಲ. ಅದು ಅಂದೂ ಒಂದೇ ಶಾಯಿಯ ಅಚ್ಚಕಪ್ಪು, ಇಂದೂ ಅದೇ.